ಮನಸ್ಸಿನ ಕಾಯಿಲೆ: ದೀಪಿಕಾ ಹೇಳಿದ್ದೇನು, ನಮ್ಮೂರಲ್ಲಿ ಹೇಳುವುದೇನು?

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ನಡುನಡುವೆ ನಿಲ್ಲಿಸಿ ಮಾತಾಡಿಕೊಳ್ಳಿ)



ನಮ್ಮ ಸಭೆಗಳಲ್ಲಿ ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿ.ಪಿ., ಗರ್ಭಕೋಶದ ತೊಂದರೆ ಎಲ್ಲದರ ಬಗ್ಗೆ ಮಾತಾಡಿದ್ದೇವೆ. ಮನಸ್ಸಿನ ಕಾಯಿಲೆ ಅಂದ ಕೂಡಲೇ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. “ನಮ್ಮ ಸಂಘದಲ್ಲಿ ಅಂಥೋರು ಯಾರೂ ಇಲ್ಲ ಸಿಸ್ಟರ್” ಅಂತ ಒಬ್ಬರು ಹೇಳಿದರೆ ಉಳಿದವರು ತಲೆಯಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. ಇಪ್ಪತ್ತು ಜನರಲ್ಲಿ ಒಬ್ಬರಿಗೆ ಖಿನ್ನತೆ ಕಾಯಿಲೆ ಇದೆ ಎಂದು ಅದರಲ್ಲಿ ಕಂಡುಬಂತು. ಒಂದು ಸಂಘದಲ್ಲಿ ಎಷ್ಟು ಜನ ಇರುತ್ತೀರಿ? ಹತ್ತರಿಂದ ಇಪ್ಪತ್ತು. ಲೆಕ್ಕ ನೀವೇ ಹಾಕಿಕೊಳ್ಳಿ. ಮನಸ್ಸಿನ ಕಾಯಿಲೆ ಇದ್ದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ ಎಂಬುದೂ ಅದೇ ಸಮೀಕ್ಷೆಯಲ್ಲಿದೆ. ಆಸ್ಪತ್ರೆ ದೂರ, ಡಾಕ್ಟರ್ ಕಡಿಮೆ ಎಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಸುಳ್ಳು. ಬಾಯಿಂದ ಬಾಯಿಗೆ, ಈಗ ಮೊಬೈಲಿಂದ ಮೊಬೈಲಿಗೆ ಹೋಗುವ ಸುಳ್ಳು. ಈ ತಿಂಗಳ ಪಾಠ ಅದರ ಬಗ್ಗೆ.

ನಟಿಯ ಸುದ್ದಿ ದೇಶ ದಾಟಿದ್ದು

ದೀಪಿಕಾ ಪಡುಕೋಣೆ ಹೆಸರು ಗೊತ್ತಿಲ್ಲದವರು ಇಲ್ಲ. ಹಿಂದಿ ಸಿನಿಮಾದ ದೊಡ್ಡ ನಟಿ. ಬೆಂಗಳೂರಿನಲ್ಲಿ ಬೆಳೆದವರು, ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಮಗಳು. ಮೊದಲ ಸಿನಿಮಾ ಕನ್ನಡದ ‘ಐಶ್ವರ್ಯ’, 2006ರಲ್ಲಿ ಬಂತು. 2014ರ ಹೊತ್ತಿಗೆ ಅವರಿಗೆ ಹೆಸರು, ಹಣ ಯಾವುದಕ್ಕೂ ಕೊರತೆ ಇರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಒಂದು ದಿನ ತಲೆಸುತ್ತಿ ಬಿದ್ದರು. ಆಮೇಲೆ ಬೆಳಿಗ್ಗೆ ಏಳುವುದೇ ಕಷ್ಟ, ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ, ಕಾರಣವಿಲ್ಲದೆ ಅಳು. ಹೊರಗೆ ಮಾತ್ರ ಕೆಲಸ ಮಾಡುತ್ತಾ ನಗುತ್ತಾ ಇದ್ದರು.

ಈ ಕಥೆಯಲ್ಲಿ ನಾವು ನೋಡಬೇಕಾದದ್ದು ನಟಿಯನ್ನಲ್ಲ, ಅವರ ತಾಯಿಯನ್ನು. ತಂದೆ ತಾಯಿ ಮುಂಬೈಗೆ ಬಂದಿದ್ದವರು ಊರಿಗೆ ಹೊರಟಾಗ ಮಗಳು ಅಳಲು ಶುರುಮಾಡಿದಳು. ತಾಯಿ ಕೇಳಿದರು: ಕೆಲಸದಲ್ಲಿ ತೊಂದರೆಯಾ? ಯಾರಾದರೂ ಏನಾದರೂ ಅಂದರಾ? ಯಾವುದಕ್ಕೂ ಮಗಳ ಬಳಿ ಉತ್ತರ ಇರಲಿಲ್ಲ. ಆ ಅಳು ಬೇರೆ ಥರದ್ದು ಎಂದು ತಾಯಿಗೆ ಗೊತ್ತಾಯಿತು. “ಎಲ್ಲಾ ಇದ್ದೂ ಅಳ್ತೀಯಲ್ಲ” ಅಂತ ಬಯ್ಯಲಿಲ್ಲ. ಇದಕ್ಕೆ ತಿಳಿದವರ ಸಹಾಯ ಬೇಕು ಎಂದರು. ಮೊದಲು ಆಪ್ತಸಮಾಲೋಚಕಿಯನ್ನು, ಆಮೇಲೆ ಮನೋವೈದ್ಯರನ್ನು ಕಂಡರು. ಮಾತ್ರೆ ಬೇಕು ಎಂದಾಗ ದೀಪಿಕಾ ಕೂಡ ಮೊದಲು ಒಪ್ಪಲಿಲ್ಲ, ಮಾತಾಡಿದರೆ ಸಾಕು ಅಂದುಕೊಂಡಿದ್ದರು. ಆಮೇಲೆ ತೆಗೆದುಕೊಂಡರು, ಗುಣವಾಯಿತು. ನಮ್ಮ ಊರಿನ ಹೆಣ್ಣುಮಗಳು ಹೇಗೆ ಹಿಂಜರಿಯುತ್ತಾಳೋ ಹಾಗೇ ಆಕೆಯೂ ಹಿಂಜರಿದರು ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

2015ರ ಜನವರಿಯಲ್ಲಿ ಪತ್ರಿಕೆಯಲ್ಲಿ, ಮಾರ್ಚಿನಲ್ಲಿ ಟಿವಿಯಲ್ಲಿ ಇದನ್ನು ಅವರೇ ಹೇಳಿದರು. ಅದೇ ವರ್ಷ ‘ಲಿವ್ ಲವ್ ಲಾಫ್’ ಎಂಬ ಸಂಸ್ಥೆ ಕಟ್ಟಿದರು. ಆಗ ವಿದೇಶದ ಪತ್ರಿಕೆಗಳೂ ಬರೆದವು. 2020ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ, ಜಗತ್ತಿನ ದೊಡ್ಡ ದೊಡ್ಡ ಶ್ರೀಮಂತರು, ಮಂತ್ರಿಗಳು ಸೇರುವ ವಿಶ್ವ ಆರ್ಥಿಕ ವೇದಿಕೆಯಲ್ಲಿ ಅವರಿಗೆ ಕ್ರಿಸ್ಟಲ್ ಪ್ರಶಸ್ತಿ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರ ಜೊತೆ ಕೂತು ಮಾತಾಡಿದರು. ಖಿನ್ನತೆ ಎಂಬುದು ಸಾಮಾನ್ಯವಾದ, ಆದರೆ ಗಂಭೀರವಾದ ಕಾಯಿಲೆ, ಉಳಿದ ಕಾಯಿಲೆಗಳಂತೆ ಅದಕ್ಕೂ ಚಿಕಿತ್ಸೆ ಇದೆ: ಅಲ್ಲಿ ಅವರು ಹೇಳಿದ್ದರ ಸಾರ ಇಷ್ಟೇ. 2022ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯೂ ಪ್ರಶಸ್ತಿ ಕೊಟ್ಟಿತು. 2025ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಆರೋಗ್ಯ ಸಚಿವಾಲಯ ಅವರನ್ನು ಮಾನಸಿಕ ಆರೋಗ್ಯದ ರಾಯಭಾರಿಯಾಗಿ ನೇಮಿಸಿತು.

ಎಲ್ಲರೂ ಹೊಗಳಿದರು ಅಂತ ತಿಳಿಯಬೇಡಿ. ದುಡ್ಡಿದ್ದವರಿಗೆ ಎಂಥ ಖಿನ್ನತೆ, ಸಿನಿಮಾ ಓಡಲಿ ಅಂತ ಹೇಳ್ತಾಳೆ ಅಂದವರಿದ್ದರು. 2020ರ ಜೂನ್‌ನಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ಹಿಂದಿ ಟಿವಿ ಚಾನೆಲ್ಲುಗಳು ತಿಂಗಳುಗಟ್ಟಲೆ ಅದನ್ನೇ ಎಳೆದವು. ಖಿನ್ನತೆ ಅನ್ನುವುದೇ ಒಂದು ನೆಪ, ಅದೊಂದು ವ್ಯಾಪಾರ ಎಂಬ ಮಾತೂ ಬಂತು. ಆಗ ದೀಪಿಕಾ ದಿನವೂ ಒಂದೊಂದು ವಾಕ್ಯ ಬರೆದು, ನನ್ನ ಹಿಂದೆ ಹೇಳಿ ಎನ್ನುವಂತೆ, ಮಗ್ಗಿ ಹೇಳಿಸುವ ಟೀಚರ್ ಥರ ಪ್ರಕಟಿಸಿದರು. ಖಿನ್ನತೆ ಒಂದು ಕಾಯಿಲೆ. ಅದು ಕ್ಯಾನ್ಸರ್, ಸಕ್ಕರೆ ಕಾಯಿಲೆ ಇದ್ದ ಹಾಗೆ. ಮನಸ್ಸು ಮಾಡಿಬಿಟ್ಟರೆ ಅದರಿಂದ ಎದ್ದು ಬರಲು ಆಗುವುದಿಲ್ಲ. ಇಂಥ ಮಾತುಗಳು. ಅದನ್ನೂ ಗೇಲಿ ಮಾಡಿದರು. ಆದರೆ ನಾವು ಸಭೆಯಲ್ಲಿ ಪಾಠ ಮಾಡುವ ರೀತಿಯೂ ಅದೇ ಅಲ್ಲವೇ? ಸುಳ್ಳು ಹತ್ತು ಸಲ ಹೇಳಿಸಿಕೊಂಡು ನಿಜದಂತೆ ಕೂತಿದ್ದರೆ, ನಿಜವನ್ನು ಹನ್ನೊಂದು ಸಲ ಹೇಳಬೇಕಾಗುತ್ತದೆ.

ಸುದ್ದಿ ಬಿಟ್ಟುಹೋದದ್ದು

ವಿದೇಶಿ ಸುದ್ದಿಯನ್ನು ಓದಿದಾಗ ನನಗೆ ಒಂದು ಬೇಸರವೂ ಆಗುತ್ತದೆ. ಭಾರತದಲ್ಲಿ ಯಾರೂ ಮಾತಾಡದ ವಿಷಯವನ್ನು ಒಬ್ಬ ತಾರೆ ಮೊದಲ ಸಲ ಮಾತಾಡಿದಳು ಎಂಬ ಭಾವನೆ ಅದರಿಂದ ಬರುತ್ತದೆ. ಅರ್ಧ ನಿಜ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಹತ್ತಿರ ಸಕಲವಾರ ಎಂಬ ಹಳ್ಳಿಯಲ್ಲಿ ಕೆಲಸ ಶುರುಮಾಡಿದರು. ಹಳ್ಳಿಯ ಸಾಮಾನ್ಯ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. 1980ರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿ ನೋಡಿದರು. ಚಿತ್ರದುರ್ಗದ ಪಕ್ಕದ ಬಳ್ಳಾರಿ. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇವತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ, ಮಾತ್ರೆ ಉಚಿತವಾಗಿ ಸಿಗುತ್ತದೆ ಅಂದರೆ ಅದರ ಬೇರು ನಮ್ಮ ಈ ಬಯಲುಸೀಮೆಯಲ್ಲೇ ಇದೆ.

ದೀಪಿಕಾ ಅವರ ಸಂಸ್ಥೆ ಕೂಡ ಹಳ್ಳಿಯ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ದಾವಣಗೆರೆ ಜಿಲ್ಲೆಯನ್ನು, 2016ರಲ್ಲಿ. 1997ಕ್ಕೆ ಮೊದಲು ದಾವಣಗೆರೆಯೂ ನಾವೂ ಒಂದೇ ಚಿತ್ರದುರ್ಗ ಜಿಲ್ಲೆ ಎಂಬುದು ಹಿರಿಯರಿಗೆ ಗೊತ್ತು. ಅಂಗವಿಕಲರಿಗಾಗಿ ಕೆಲಸ ಮಾಡುವ ಎ.ಪಿ.ಡಿ. ಎಂಬ ಬೆಂಗಳೂರಿನ ಸಂಸ್ಥೆಯ ಜೊತೆ ಸೇರಿ, ಕಾಯಿಲೆ ಇದ್ದವರನ್ನು ಗುರುತಿಸಿ ವೈದ್ಯರ ಬಳಿ ಕಳಿಸುವುದು, ಮಾತ್ರೆ ಮುಟ್ಟುವಂತೆ ನೋಡಿಕೊಳ್ಳುವುದು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ಅಲ್ಲಿ ನಡೆಯಿತು. ನಟಿಯೇ ಬಂದು ಕುಟುಂಬಗಳ ಜೊತೆ ಕೂತು ಮಾತಾಡಿದ್ದರು. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ: ಕಾಯಿಲೆಯವರನ್ನು ನೋಡಿಕೊಳ್ಳುವ ತಾಯಂದಿರು, ಹೆಂಡತಿಯರು, ಸೊಸೆಯಂದಿರು ಸೇರಿ ತಮ್ಮದೇ ಗುಂಪು ಮಾಡಿಕೊಂಡರು. ನೋಡಿಕೊಳ್ಳುವವಳ ಕಷ್ಟ ನೋಡಿಕೊಳ್ಳುವವಳಿಗೇ ಗೊತ್ತು. ಸಂಘ ಕಟ್ಟಿ ಗೊತ್ತಿರುವ ನಮಗೆ ಇದೇನು ಹೊಸದಲ್ಲ.

ನಮ್ಮೂರಿನ ಸುಳ್ಳುಗಳು

ಇನ್ನು ನಮ್ಮ ವಿಷಯಕ್ಕೆ ಬರೋಣ. ಮಾಡದಕೆರೆ, ಹೊಸದುರ್ಗದ ಕಡೆ ನಾನು ಕೇಳಿದ ಮಾತುಗಳಲ್ಲಿ ಎಲ್ಲವನ್ನೂ ಇಲ್ಲಿ ಬರೆಯಲು ಜಾಗ ಸಾಲದು. ಹೆಚ್ಚು ಹಾನಿ ಮಾಡುವವನ್ನು ಮಾತ್ರ ಹೇಳುತ್ತೇನೆ.

“ಆ ಮಾತ್ರೆ ತಗಂಡ್ರೆ ಸಾಯೋತನಕ ಬಿಡಂಗಿಲ್ಲ, ಚಟ ಆಗ್ತೈತೆ.” ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಈ ಒಂದು ಮಾತಿನಿಂದ. ಖಿನ್ನತೆಗೆ ಕೊಡುವ ಮಾತ್ರೆ ಚಟ ಹಿಡಿಸುವ ಮಾತ್ರೆ ಅಲ್ಲ. ಅದು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದೂ ಇಲ್ಲ. ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆದರೆ ವಾಕರಿಕೆ, ಹೊಟ್ಟೆ ತೊಳಸುವುದು, ತಲೆಭಾರ ಮೊದಲ ವಾರದಲ್ಲೇ ಬರಬಹುದು. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆ ತಿಪ್ಪೆಗೆ ಹೋಗುತ್ತದೆ, “ಎಲ್ಲಾ ಮಾಡಿ ನೋಡಿದ್ವಿ, ಏನೂ ಆಗಲಿಲ್ಲ” ಎಂಬ ಮಾತು ಉಳಿಯುತ್ತದೆ. ಗುಣ ಅನ್ನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಡಾಕ್ಟರು ಹೇಳುತ್ತಾರೆ. ನಿಲ್ಲಿಸುವಾಗ ಅವರೇ ಮೆಲ್ಲಗೆ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಸುಳ್ಳಿನೊಳಗೆ ಒಂದು ಚೂರು ನಿಜವೂ ಇದೆ, ಅದನ್ನೂ ಹೇಳಬೇಕು: ನಿದ್ದೆ ಬರಲು ಕೊಡುವ ಕೆಲವು ಮಾತ್ರೆಗಳು ಚಟವಾಗಬಲ್ಲವು. ಅವನ್ನು ಡಾಕ್ಟರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರಿಸಬಾರದು, ಪಕ್ಕದ ಮನೆಯವಳಿಗೆ ಎರಡು ಕೊಡುವುದಂತೂ ಬೇಡವೇ ಬೇಡ.

“ಬಾಣಂತಿಗೆ ಸನ್ನಿ ಹಿಡಿದೈತೆ, ಗಾಳಿ ಮೆಟ್ಟಿಕೊಂಡೈತೆ.” ಹೆರಿಗೆಯಾದ ಮೂರು ನಾಲ್ಕನೇ ದಿನ ಬಾಣಂತಿಗೆ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನೇ ಹೋಗುತ್ತದೆ. ಹೋಗದೆ ಹಾಗೇ ಉಳಿದು, ಮಗುವಿನ ಮೇಲೆ ಮನಸ್ಸಿಲ್ಲ, ಊಟ ಬೇಡ, ನಾನು ಯಾತಕ್ಕೂ ಬೇಡದವಳು ಎಂಬ ಮಾತು ಬಂದರೆ ಅದು ಬಾಣಂತನದ ಖಿನ್ನತೆ. ಗರ್ಭಿಣಿಯರು, ಬಾಣಂತಿಯರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಖಿನ್ನತೆ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಣ್ಣು ಮಗು ಹುಟ್ಟಿತು ಅಂತ ಅತ್ತೆ ಮುಖ ತಿರುಗಿಸಿದ ಮನೆಯಲ್ಲಿ ಅದು ಇನ್ನೂ ಭಾರ. ನಿಜವಾದ ಸನ್ನಿ ಬೇರೆ, ಅದು ಅಪರೂಪ. ಹೆರಿಗೆಯಾದ ಮೊದಲ ಎರಡು ವಾರದಲ್ಲೇ ಹೆಚ್ಚಾಗಿ ಶುರುವಾಗುತ್ತದೆ: ನಿದ್ದೆಯೇ ಇಲ್ಲ, ಸಂಬಂಧವಿಲ್ಲದ ಮಾತು, ಇಲ್ಲದ ದನಿ ಕೇಳಿಸುವುದು, ಮಗು ತನ್ನದಲ್ಲ ಎನ್ನುವುದು. ಇದಕ್ಕೆ ತಾಯತ ಕಟ್ಟಿ ಕತ್ತಲೆ ಕೋಣೆಯಲ್ಲಿ ಕೂರಿಸಿ ಕಾಯುವಂತಿಲ್ಲ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಗುವನ್ನು ಅವಳೊಬ್ಬಳ ಬಳಿ ಬಿಡಬಾರದು. ಚಿಕಿತ್ಸೆ ಸಿಕ್ಕರೆ ಗುಣವಾಗುತ್ತದೆ.

ಇನ್ನು ದೆವ್ವ, ಮಾಟದ ಮಾತು. ಹರಕೆ ಹೊರಬೇಡಿ, ದೇವರಿಗೆ ಕೈ ಮುಗಿಯಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಗೆಪಾಟಲು. ಆದರೆ ದೇವಸ್ಥಾನವಿರಲಿ, ದರ್ಗಾ ಇರಲಿ, ನಮ್ಮದೇ ಪ್ರಾರ್ಥನಾ ಕೂಟವಿರಲಿ, “ಮಾತ್ರೆ ನಿಲ್ಲಿಸು, ನಂಬಿಕೆ ಇಡು” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಕಾಯಿಲೆಯವರನ್ನು ಸರಪಳಿ ಹಾಕಿ ಇಟ್ಟಿದ್ದ ಒಂದು ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಓಡಿಹೋಗಲು ಕಾಲು ಬಿಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ಅವರ ಹಕ್ಕು. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಹಿಂಸೆ ಮಾಡುವುದು ಕರ್ನಾಟಕದಲ್ಲಿ ಅಪರಾಧ. ಜನ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ ಆ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ.

“ಮದುವೆ ಮಾಡಿದ್ರೆ ಸರಿ ಹೋಗ್ತಾನೆ.” ಇದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಸರಿ ಹೋಗದ ಮೇಲೆ ಅನುಭವಿಸುವವಳು ಯಾರೆಂದು ನಮಗೆಲ್ಲ ಗೊತ್ತು.

ಇದಕ್ಕೆ ತದ್ವಿರುದ್ಧವಾದ ಸುಳ್ಳೂ ಈಚೆಗೆ ಬಂದಿದೆ, ಎಲ್ಲಾ ಬೇಸರವೂ ಡಿಪ್ರೆಶನ್ ಎನ್ನುವುದು. ಗಂಡ ಕುಡಿದು ಬಂದು ಹೊಡೆಯುವುದಕ್ಕೆ ಅಳುವವಳು ಕಾಯಿಲೆಯವಳಲ್ಲ. ಅವಳಿಗೆ ಬೇಕಾದದ್ದು ಮೊದಲು ರಕ್ಷಣೆ, ಮಹಿಳಾ ಸಹಾಯವಾಣಿ 181. ಸಾಲದ ಕಂತಿಗೆ ಬಾಗಿಲಲ್ಲಿ ಕೂರುವವರ ಕಾಟಕ್ಕೆ ಮಾತ್ರೆ ಮದ್ದಲ್ಲ. ಆ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಷ್ಟ ಬೇರೆ, ಕಾಯಿಲೆ ಬೇರೆ. ಆದರೆ ಕಷ್ಟ ಬಹಳ ದಿನ ಹಾಗೇ ಇದ್ದರೆ ಕಾಯಿಲೆಯೂ ಬಂದು ಸೇರಿಕೊಳ್ಳುತ್ತದೆ. ಎರಡು ವಾರಕ್ಕೂ ಹೆಚ್ಚು ದಿನ, ದಿನದ ಬಹುಪಾಲು, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸೆ ಇಲ್ಲದಿರುವುದು, ಅದರ ಜೊತೆ ನಿದ್ದೆ, ಹಸಿವು, ಶಕ್ತಿ ಕೆಡುವುದು, ಕೆಲಸ ಕೈಗೆ ಹತ್ತದಿರುವುದು ಕಂಡರೆ ಡಾಕ್ಟರಿಗೆ ತೋರಿಸಬೇಕು. ನಮ್ಮ ಹೆಂಗಸರು “ಮನಸ್ಸು ಸರಿಯಿಲ್ಲ” ಅಂತ ಹೇಳುವುದು ಕಡಿಮೆ. ಮೈಕೈ ನೋವು, ಎದೆ ಉರಿ, ತಲೆ ಸಿಡಿತ, ಸುಸ್ತು ಅನ್ನುತ್ತಾರೆ. ಗ್ಲುಕೋಸ್ ಬಾಟಲಿ ಹಾಕಿಸಿಕೊಂಡು ಬರುತ್ತಾರೆ, ವಾರಕ್ಕೆ ಮತ್ತೆ ಅದೇ. ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಲ್ಲಾ ಸರಿ ಇದೆ ಅಂದ ಮೇಲೂ ಸುಸ್ತು ಹೋಗದಿದ್ದರೆ ಮನಸ್ಸಿನ ಕಡೆಗೂ ನೋಡಿ.

ಮೊಬೈಲಿನಲ್ಲಿ ಬಂದ ಮಾತನ್ನು ಹೇಗೆ ತೂಗುವುದು?

ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದೆ ಕಳಿಸುವ ಮೊದಲು ನೋಡಿ: ಹೇಳಿದವರು ಯಾರು, ಕೊನೆಗೆ ಏನಾದರೂ ಮಾರುತ್ತಿದ್ದಾರಾ, ಮಾತ್ರೆ ನಿಲ್ಲಿಸಿ ಅನ್ನುತ್ತಿದ್ದಾರಾ, ಮೂರು ದಿನದಲ್ಲಿ ಗ್ಯಾರಂಟಿ ಅನ್ನುತ್ತಿದ್ದಾರಾ. ಈ ಕೊನೆಯ ಎರಡರಲ್ಲಿ ಒಂದಿದ್ದರೂ ಅಳಿಸಿಬಿಡಿ. ಈಗ ಪ್ರಸಿದ್ಧರ ಮುಖ, ದನಿ ಎರಡನ್ನೂ ನಕಲಿ ಮಾಡಿ ವಿಡಿಯೋ ಮಾಡುತ್ತಾರೆ. ಆದ್ದರಿಂದ ದೀಪಿಕಾನೇ ಹೇಳುವ ಹಾಗೆ ಕಂಡರೂ ಯಾವುದೋ ಪುಡಿ, ಎಣ್ಣೆ ತರಿಸಬೇಡಿ. ಅವರು ನಿಜವಾಗಿ ಹೇಳಿದ್ದನ್ನೂ ನಮಗೆ ಬರೆದುಕೊಟ್ಟ ಔಷಧಿ ಚೀಟಿ ಎಂದು ತಿಳಿಯಬಾರದು. ಹೋಗಿ ತೋರಿಸಿ ಎಂಬುದಕ್ಕೆ ಅದು ಧೈರ್ಯ, ಅಷ್ಟೇ. ಯಾರಿಗೆ ಯಾವ ಮಾತ್ರೆ ಎಂಬುದು ನೋಡಿದ ಡಾಕ್ಟರಿಗೇ ಬಿಟ್ಟದ್ದು.

ಅವರ ಸಂಸ್ಥೆ 2016ರಲ್ಲಿ ಒಂದು ಪ್ರಚಾರ ಮಾಡಿತ್ತು, ‘ದೊಬಾರಾ ಪೂಛೋ’ ಅಂತ. ಇನ್ನೊಂದು ಸಲ ಕೇಳಿ ಎಂದು ಅರ್ಥ. ನಮಗೆ ಹೇಳಿ ಮಾಡಿಸಿದ ಮಾತು. “ಯಾಕವ್ವಾ ಸಪ್ಪಗಿದೀಯ?” ಅಂದರೆ “ಏನಿಲ್ಲ ಬಿಡಕ್ಕಾ” ಎಂಬುದೇ ಮೊದಲ ಉತ್ತರ. ಅಲ್ಲಿಗೆ ಬಿಡಬೇಡಿ. ಎರಡು ದಿನ ಬಿಟ್ಟು, ಯಾರೂ ಇಲ್ಲದ ಹೊತ್ತಿನಲ್ಲಿ, ಬಟ್ಟೆ ಒಗೆಯುವಾಗಲೋ ಹೊಲಕ್ಕೆ ಹೋಗುವಾಗಲೋ ಮತ್ತೆ ಕೇಳಿ. ಉಪದೇಶ ಬೇಡ, “ನನಗೂ ಹಿಂಗೇ ಆಗಿತ್ತು” ಎಂದು ನಮ್ಮ ಕಥೆ ಶುರುಮಾಡುವುದೂ ಬೇಡ. ಸುಮ್ಮನೆ ಕೇಳಿಸಿಕೊಳ್ಳಿ. ಕೇಳಿದ್ದನ್ನು ಸಭೆಯಲ್ಲಿ ಹೇಳಬೇಡಿ.

“ನಾನು ಇರಬಾರದು” ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: “ಸಾಯಬೇಕು ಅನ್ನಿಸುತ್ತಾ?” ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದೂ ಒಂದು ಸುಳ್ಳು. ಕೇಳಿದರೆ ಅವಳ ಭಾರ ಇಳಿಯುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿ ನಂಬುವಂಥ ಒಬ್ಬರಿಗಾದರೂ ತಿಳಿಸಿ. ಬೆಳೆಗೆ ಹೊಡೆಯುವ ಔಷಧಿ, ಉಳಿದ ಮಾತ್ರೆ ಎಲ್ಲವನ್ನೂ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥವರ ಮೇಲೆ ಕೇಸ್ ಹಾಕುತ್ತಾರೆಂಬ ಹೆದರಿಕೆ ಬೇಡ. ಪ್ರಯತ್ನ ಮಾಡಿಕೊಂಡವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ.

ಫೋನಿನಲ್ಲೇ ಸಹಾಯ ಬೇಕಾದರೆ ಟೆಲಿ ಮನಸ್, ನಂಬರ್ 14416. ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆಯವರೇ ಮಾಡಬೇಕೆಂದಿಲ್ಲ, ಅವರ ಪರವಾಗಿ ಅಕ್ಕ, ಅತ್ತೆ, ಪಕ್ಕದ ಮನೆಯವರು ಮಾಡಿ ಏನು ಮಾಡಬೇಕೆಂದು ಕೇಳಬಹುದು. ಉಳಿತಾಯದ ಪಾಸ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಇವತ್ತೇ ಆ ಐದು ಅಂಕಿ ಬರೆದುಕೊಳ್ಳಿ. ಓದು ಬರಹ ಬಾರದವರಿಗೆ ಪಕ್ಕದಲ್ಲಿ ಕೂತವರು ಬರೆದುಕೊಡಿ, ಮೊಬೈಲಿನಲ್ಲೂ ಹಾಕಿಕೊಡಿ.

ಸಭೆಯಲ್ಲಿ ಮಾತಾಡಲು: ನಮ್ಮ ಬೀದಿಯಲ್ಲಿ ಮಾತ್ರೆ ಅರ್ಧಕ್ಕೆ ಬಿಟ್ಟವರು ಇದ್ದಾರಾ, ಯಾಕೆ ಬಿಟ್ಟರು? ಹೆಸರು ಹೇಳದೆ ಕಾರಣ ಮಾತ್ರ ಹೇಳಿ. ಮುಂದಿನ ಸಭೆಗೆ ಬರುವಾಗ ಸಂಘದ ಪ್ರತಿನಿಧಿಗಳು ಆಶಾ ಕಾರ್ಯಕರ್ತೆಯನ್ನು ಕೇಳಿ, ಹೊಸದುರ್ಗದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ, ಎಷ್ಟು ಗಂಟೆಗೆ ಬರುತ್ತಾರೆ, ಅಲ್ಲಿ ಯಾವ ಕೋಣೆಯಲ್ಲಿ ನೋಡುತ್ತಾರೆ ಎಂದು ಬರೆದುಕೊಂಡು ಬನ್ನಿ. ಅವತ್ತು ಬೆಳಿಗ್ಗೆ ಯಾವ ಬಸ್ಸು ಹಿಡಿದರೆ ಚೀಟಿ ಮಾಡಿಸುವ ಹೊತ್ತಿಗೆ ಮುಟ್ಟಬಹುದು ಎಂಬುದನ್ನೂ ವಿಚಾರಿಸಿ.